ಬಿತ್ತನೆ ಬೀಜದ ಕಾನೂನು

ಹತ್ತೊಂಬತ್ತು ಕೈಗಳು ಮೇಲೆದ್ದಿದ್ದವು. ಇನ್ನೊಂದು ಎದ್ದರೆ ಮೈದುನ ಊರಾಚೆ, ಕೊರೆಯುವ ಹಿಮಕ್ಕೆ. ಬಿತ್ತನೆ ಬೀಜ ಕದ್ದವರಿಗೂ ತಿಂದವರಿಗೂ ಇಲ್ಲಿ ಜಾಗವಿಲ್ಲವೆಂದು ಈ ಊರು ಕಟ್ಟಿದ ಮೊದಲ ವರ್ಷವೇ ಎಲ್ಲರೂ ಕೂತು ಕಾನೂನು ಮಾಡಿಕೊಂಡಿದ್ದರು. ಅವನ ಅತ್ತಿಗೆ, ತುಂಬು ಬಸುರಿ ನೇಕಾರ್ತಿ ಮಾತ್ರ ಕೈ ಎತ್ತಿರಲಿಲ್ಲ.

"ಯಾರಿಗೋಸ್ಕರ ಕದ್ದೆ? ನಿಜ ಹೇಳಿಬಿಡು," ಎಂದ ಸಭೆ ನಡೆಸುತ್ತಿದ್ದ ಅವಳ ಗಂಡ.

"ಹಸಿವು ತಡೀಲಿಲ್ಲ ಅಣ್ಣ. ನಾನೊಬ್ಬನೇ ತಿಂದೆ."

ಹತ್ತು ದಿನ ಅವನು ತಂದುಕೊಟ್ಟ ಆ ಬೀಜದ ಗಂಜಿ ಕುಡಿದವಳು ಅವಳು. ಎಲ್ಲಿಂದ ತಂದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಈಗ ಹೇಳಿಬಿಡಬೇಕೆಂದು ಬಾಯಿ ತೆರೆದಳು. ಮೈದುನ ಅವಳ ಹೊಟ್ಟೆಯನ್ನೊಮ್ಮೆ ನೋಡಿ, ಬೇಡವೆಂಬಂತೆ ತಲೆಯಾಡಿಸಿದ.

"ನೀನೇನಂತೀಯ? ಮನೆಯವನು ಅಂತ ಕಾನೂನು ಬದಲಾಗಲ್ಲ ಕಣೇ," ಎಂದ ಗಂಡ.

ಅವಳು ಕೈ ಎತ್ತಿದಳು. ಮೈದುನ ನೆಮ್ಮದಿಯ ಉಸಿರು ಬಿಟ್ಟ.