ಅರ್ಧ ಕಟಿಂಗ್

ಸೈರನ್ ಕೂಗಿದಾಗ ಮಾವನ ತಲೆಯ ಬಲಗಡೆ ಮುಗಿದಿತ್ತು. ಎಡಗಡೆಗೆ ಕತ್ತರಿ ಇನ್ನೂ ತಾಗಿರಲಿಲ್ಲ.

ಹನ್ನೆರಡು ವರ್ಷದಿಂದ ಈ ಅಳಿಯನ ಕೈಗೆ ತಲೆ ಕೊಡದ ಮನುಷ್ಯ. ಗಡಿಯಾರ ರಿಪೇರಿಯವರು, ಒಬ್ಬಳೇ ಮಗಳು ಕ್ಷೌರದಂಗಡಿಯವನನ್ನು ಮೆಚ್ಚಿ ಮದುವೆಯಾದದ್ದು ಅವರಿಗೆ ಇವತ್ತಿಗೂ ಗಂಟಲಲ್ಲಿ ಇಳಿದಿರಲಿಲ್ಲ. ಅವರು ಹೋಗುತ್ತಿದ್ದ ಅಂಗಡಿ ಕಳೆದ ವಾರದ ಬಾಂಬಿಗೆ ನೆಲಸಮವಾಯಿತು. ಬೇರೆ ದಾರಿಯಿಲ್ಲದೆ ಇವತ್ತು ಅಡುಗೆಮನೆಯ ಕುರ್ಚಿಯಲ್ಲಿ ಮುಖ ಗಂಟಿಕ್ಕಿಕೊಂಡು ಬಂದು ಕೂತಿದ್ದರು.

"ಏಳಿ ಮಾವ, ಎದುರುಮನೆ ನೆಲಮಾಳಿಗೆಗೆ ಹೋಗೋಣ."

"ಈ ಅವತಾರದಲ್ಲಿ ಬೀದಿಗಾ? ನೋಡಿದವರೆಲ್ಲ ನಗೋಕಾ? ನೀವಿಬ್ರೂ ಹೋಗಿ. ದಿನಾ ಕೂಗುತ್ತೆ ಅದು. ಆಮೇಲೆ ಬಂದು ಮುಗಿಸು."

ಮಗಳು ಕೈ ಹಿಡಿದು ಎಳೆದಳು. ಹಟಮಾರಿ, ಕುರ್ಚಿ ಬಿಡಲಿಲ್ಲ.

ಮುಕ್ಕಾಲು ಗಂಟೆ ಬಿಟ್ಟು ಬಂದರೆ ಕಿಟಕಿಯಲ್ಲಿ ಒಂದು ಗಾಜೂ ಉಳಿದಿರಲಿಲ್ಲ. ಮಾವನ ಮೈಮೇಲೆ ಮಾತ್ರ ಒಂದು ಗೀರೂ ಇಲ್ಲ. ಕುತ್ತಿಗೆಗೆ ಸುತ್ತಿದ ಬಿಳಿ ಬಟ್ಟೆಯಲ್ಲಿ ಕೂತಲ್ಲೇ ಇದ್ದರು. ಪಕ್ಕದ ಬೀದಿಗೆ ಬಿದ್ದ ಬಾಂಬಿನ ಸದ್ದಿಗೆ ಎದೆಬಡಿತ ನಿಂತುಹೋಗಿತ್ತು.

ಮಗಳಿಗೆ ಅಳುವುದಕ್ಕೂ ತ್ರಾಣವಿರಲಿಲ್ಲ. ಈ ಬೀದಿಯಲ್ಲಿ ಈ ತಿಂಗಳು ಇದು ಆರನೆಯ ಸಾವು. ನೆರೆಯವರು ಬಂದು, ಮುಂದಿನ ಸೈರನ್ನಿಗೆ ಮೊದಲೇ ಒಯ್ದುಬಿಡೋಣ ಎಂದು ಬಾಗಿಲಲ್ಲಿ ನಿಂತರು.

"ಹೀಗೇ ಕಳಿಸೋದು ಬೇಡ," ಎಂದಳು ಗಂಡನಿಗೆ. "ಮುಗಿಸಿಬಿಡಿ."

ಅವನು ಕತ್ತರಿ ಎತ್ತಿಕೊಂಡ. ಅವಳು ಅಪ್ಪನ ಗಲ್ಲ ಹಿಡಿದು ತಲೆ ನೇರ ಮಾಡಿದಳು.

"ಹತ್ತು ನಿಮಿಷದ ಕೆಲಸ ಕಣೇ ಇದು," ಎಂದ ಅವನು. "ಒಂದು ಸಲವಾದ್ರೂ ಇವರ ಬಾಯಲ್ಲಿ ಪರವಾಗಿಲ್ಲ ಅನ್ನಿಸ್ಕೊಳ್ಳೋಣ ಅಂತ ಬೇಕಂತಲೇ ನಿಧಾನ ಮಾಡಿದೆ. ಬೇಗ ಮುಗಿಸಿದ್ರೆ ನಮ್ ಜೊತೆ ಬರ್ತಿದ್ರು."

ಅವಳು ಅಪ್ಪನ ಕಿವಿಯ ಮೇಲಿನ ಕೂದಲನ್ನು ಬೆರಳಲ್ಲಿ ಸರಿಸಿದಳು. ಆಮೇಲೆ, "ಕಿವಿ ಹತ್ರ ಹುಷಾರು. ಅಪ್ಪನಿಗೆ ಅಲ್ಲಿ ಕಚಗುಳಿ," ಎಂದಳು.

ಎಡಗಡೆ ಮುಗಿಯಿತು. ಕತ್ತಿನ ಮೇಲಿನ ಕೂದಲು ಒರೆಸಿ, ಬಟ್ಟೆ ಬಿಚ್ಚಿ ಕೊಡವಿದ. ಮತ್ತೆ, ಇಪ್ಪತ್ತು ವರ್ಷದ ಅಭ್ಯಾಸ, ಕೈ ತಾನಾಗಿಯೇ ಚಿಕ್ಕ ಕನ್ನಡಿಯನ್ನು ತಲೆಯ ಹಿಂದೆ ಹಿಡಿಯಿತು. ಗಿರಾಕಿ ತಲೆಯಾಡಿಸುವ ತನಕ ಅದನ್ನು ಅವನು ಯಾವತ್ತೂ ಇಳಿಸಿದವನಲ್ಲ. ಇಳಿಸುವುದು ಹೇಗೆಂದು ತಿಳಿಯದೆ ಹಾಗೇ ನಿಂತುಬಿಟ್ಟ.

ಅವಳು ಅಪ್ಪನ ಗಲ್ಲವನ್ನು ಮೆಲ್ಲಗೆ ಒಮ್ಮೆ ಕೆಳಗೆ ಬಾಗಿಸಿ, ಮೇಲೆತ್ತಿದಳು.

"ಒಪ್ಕೊಂಡ್ರು," ಎಂದಳು. "ಇನ್ನು ಬೀದಿಗೆ ಬರ್ತಾರಂತೆ."