ಪುಟ್ಟಿಯ ಕಿವಿ

"ಕಿವಿಗೇ ಹೊಡೀರಿ ಅಣ್ಣ, ಅಲ್ಲಿ ಚರ್ಮ ಮೆತ್ತಗಿರುತ್ತೆ," ಅಟ್ಟಣೆಯ ಮೇಲಿಂದ ಡಾಕ್ಟರಮ್ಮ ಕೂಗಿದರು. "ಹರಿದ್ರೂ ಪರವಾಗಿಲ್ಲ. ಕಲೆ ಉಳಿದ್ರೆ ಉಳೀಲಿ, ಜೀವ ಉಳಿಯುತ್ತೆ."

ಹೇಳುವುದು ಸುಲಭ, ಹಾಲು ಕುಡಿಸಿದವರು ಅವರಲ್ಲವಲ್ಲ. ಕೆಳಗೆ ದೊಡ್ಡಿಯಲ್ಲಿ ಪಾಲಕ ಕೈತುಂಬ ಕಲ್ಲು ಹಿಡಿದು ನಿಂತಿದ್ದ. ಎದುರಿಗಿದ್ದ ಘೇಂಡಾಮೃಗದ ತಾಯಿಯನ್ನು ಕಳ್ಳಬೇಟೆಗಾರರು ಕೊಂದಿದ್ದರು. ಬಾಟಲಿ ಹಾಲು ಕೊಟ್ಟು ಬೆಳೆಸಿದವನು ಇವನೇ. ಈಗ ಜೀಪಿನಷ್ಟು ದಪ್ಪ ಆಗಿದ್ದರೂ ಹೆಸರು ಪುಟ್ಟಿ. ದಿನಾ ಅದರ ಕಿವಿಗೆ ಎಣ್ಣೆ ಸವರುವುದನ್ನು ಕಂಡು ಹೆಂಡತಿ, "ನಾನು ಜ್ವರ ಬಂದು ಮಲಗಿದಾಗ್ಲೂ ಇಷ್ಟು ಉಪಚಾರ ಕಾಣ್ಲಿಲ್ಲ," ಎಂದು ಛೇಡಿಸುತ್ತಿದ್ದಳು.

ಆ ರಾಷ್ಟ್ರೀಯ ಉದ್ಯಾನದಲ್ಲಿ ಒಂದು ಪದ್ಧತಿಯಿತ್ತು. ಸಾಕಿದ ಪ್ರಾಣಿಯನ್ನು ಹುಲ್ಲುಗಾವಲಿಗೆ ಬಿಡುವ ಮುಂಚೆ, ಸಾಕಿದವನೇ ಹೊಡೆದು ಓಡಿಸಬೇಕು. ಬೇರೆಯವರು ಹೊಡೆದರೆ ಅದು ಅವರಿಗಷ್ಟೇ ಹೆದರುತ್ತದೆ. ಉಣಿಸಿದ ಕೈಯೇ ನೋಯಿಸಿದರೆ ಮನುಷ್ಯರನ್ನೇ ನಂಬುವುದಿಲ್ಲ. ಕೋವಿ ಹಿಡಿದು ಬರುವವರೂ ಮನುಷ್ಯರೇ ತಾನೆ?

ಪುಟ್ಟಿ ಹತ್ತಿರ ಬಂದು, ತಿನ್ನಲು ಏನೋ ತಂದಿದ್ದಾನೆಂದು ಮುಷ್ಟಿಯನ್ನು ಮೂಸಿತು. ಪಾಲಕ ಕಣ್ಣು ಮುಚ್ಚಿ ಕಲ್ಲು ಬೀಸಿದ. ಅದು ಪಕ್ಕದ ತಗಡಿನ ಬೇಲಿಗೆ ಬಡಿದು ಢಣ್ಣೆಂದಿತು. ಪುಟ್ಟಿ ಬೆಚ್ಚಿಬಿದ್ದು ಓಡಿತು. ಇದು ಸುಲಭವಾಯಿತಲ್ಲ ಎನ್ನಿಸಿ, ಉಳಿದ ಕಲ್ಲುಗಳನ್ನೂ ತಗಡಿಗೇ ಹೊಡೆದ. ಎದ್ದ ಧೂಳಿನಲ್ಲಿ ಅಟ್ಟಣೆಯವರಿಗೆ ಕಂಡದ್ದು ದಿಕ್ಕೆಟ್ಟು ಓಡುವ ಪ್ರಾಣಿ ಮಾತ್ರ.

"ಭೇಷ್! ಮನುಷ್ಯರ ಭಯ ಹತ್ತಿತು. ನಾಳೆ ಗೇಟು ತೆಗೆಯೋಣ್ವಾ?"

"ತೆಗೀರಿ ಡಾಕ್ಟರಮ್ಮ," ಎಂದ. ತಲೆ ಎತ್ತಲಿಲ್ಲ.

ವಾರ ಕಳೆಯುವುದರೊಳಗೆ ನೀರಿನ ಹೊಂಡದ ಮೇಲೆ ರಣಹದ್ದುಗಳು ಸುತ್ತತೊಡಗಿದವು. ಒಂಟಿ ಜಾಲಿ ಮರದ ಕೆಳಗೆ ಪುಟ್ಟಿ ಬಿದ್ದಿತ್ತು. ಕೊಂಬಿದ್ದ ಜಾಗದ ತುಂಬ ನೊಣ ಮುತ್ತಿತ್ತು. ಪಾಲಕ ಅದರ ತಲೆಯ ಹತ್ತಿರ ಕುಸಿದು ಕೂತು ಮಗುವಿನಂತೆ ಅತ್ತ.

ಡಾಕ್ಟರಮ್ಮ ನೆಲದ ಮೇಲಿನ ಹೆಜ್ಜೆಗಳನ್ನು ನೋಡುತ್ತಾ ಬಂದರು. "ಇದು ಓಡೋಕೇ ಹೋಗಿಲ್ಲ ಅಣ್ಣ. ಕೋವಿ ಹಿಡಿದವನ ಹತ್ರ ತಾನೇ ನಡ್ಕೊಂಡು ಬಂದಿದೆ. ಅವತ್ತು ಅಷ್ಟು ಕಲ್ಲು ತಿಂದ್ಮೇಲೂ ಯಾಕೆ ಹೀಗೆ ಮಾಡ್ತು?"

ಹೇಳಿಬಿಡೋಣವೆಂದು ಪಾಲಕ ಬಾಯಿ ತೆರೆದ. ಮತ್ತೆ ಮುಚ್ಚಿ, ಪುಟ್ಟಿಯ ಮುಖದ ಮೇಲಿನ ನೊಣ ಓಡಿಸತೊಡಗಿದ.

ಡಾಕ್ಟರಮ್ಮ ಮಂಡಿಯೂರಿ ಕೂತರು. ಗುಂಡು ಹೊಕ್ಕ ಜಾಗ ನೋಡಿದರು. ಪುಟ್ಟಿಯ ಕಿವಿಯನ್ನು ಎತ್ತಿ, ಬೆರಳಾಡಿಸಿ, ಇನ್ನೊಂದು ಕಿವಿಯನ್ನೂ ಎತ್ತಿದರು. ಅವರ ಕೈ ಅಲ್ಲೇ ನಿಂತಿತು.

"ಅಣ್ಣ, ಇಲ್ಲಿ ಒಂದು ತರಚು ಗಾಯಾನೂ ಇಲ್ವಲ್ಲ?"