ಬೆರಳು ನಿಂತ ಕಡೆ

"ಎಡಗೈಯನ್ನು ತಲೆಯ ಹಿಂದಿಡಿ. ಬಲಗೈ ಬೆರಳುಗಳಿಂದ ಎದೆಯನ್ನು ಮೆಲ್ಲಗೆ ಒತ್ತಿ ನೋಡಿ" ಎಂದರು ಪರದೆಯ ಮೇಲಿದ್ದ ಡಾಕ್ಟರಮ್ಮ. ಸೆಮಾರಾಂಗ್ ನಗರದ ಆ ಗಾರ್ಮೆಂಟ್ಸ್ ಕಾರ್ಖಾನೆಯ ಊಟದ ಕೋಣೆಯಲ್ಲಿ ಹೆಂಗಸರೆಲ್ಲ ಕಿಸಕ್ಕೆಂದರು.

"ಅಯ್ಯೋ, ನನ್ ಗಂಡನೂ ಇಷ್ಟು ವಿಚಾರಿಸ್ಕೊಂಡಿಲ್ಲ ಕಣ್ರೇ!" ಎಂದಳು ವೆನಿಂಗ್. ನಗುತ್ತಲೇ ಒತ್ತುತ್ತಿದ್ದ ಅವಳ ಬೆರಳು ಕಂಕುಳ ಹತ್ತಿರ ತಟ್ಟನೆ ನಿಂತಿತು. ಹುಣಸೆಬೀಜದಷ್ಟು ಗಟ್ಟಿಯಾದದ್ದೇನೋ ಅಲ್ಲಿತ್ತು. ನೋವು ಮಾತ್ರ ಇರಲಿಲ್ಲ.

ವೆಬಿನಾರ್ ಮುಗಿದು ಎಲ್ಲರೂ ಹೊಲಿಗೆ ಯಂತ್ರಗಳತ್ತ ಹೋದರೂ ಅವಳು ಕೈ ಇಳಿಸದೆ ಕೂತಿದ್ದಳು. ಅರ್ಧ ದಿನದ ರಜೆ ಕೇಳಿದರೂ ಮುಖ ಸಿಂಡರಿಸುವ ಸೂಪರ್‌ವೈಸರ್ ಸುಮಾರ್ನಿ ಎದುರು ಬಂದು ನಿಂತಾಗ ಗಡಬಡಿಸಿ ಎದ್ದಳು. "ಬಂದೆ ಮೇಡಂ, ಏನಿಲ್ಲ..."

ಸುಮಾರ್ನಿ ಅವಳ ಮುಖವನ್ನೂ ಇನ್ನೂ ಕಂಕುಳ ಹತ್ತಿರವೇ ಇದ್ದ ಕೈಯನ್ನೂ ನೋಡಿದಳು. "ಎಲ್ಲಿ, ತೋರ್ಸು" ಎಂದು ವೆನಿಂಗಳ ಬೆರಳಿದ್ದಲ್ಲೇ ತನ್ನ ಬೆರಳಿಟ್ಟು ಒತ್ತಿದಳು. ಆಮೇಲೆ ಅವಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು, "ನಡಿ, ಆಸ್ಪತ್ರೆಗೆ ಹೋಗೋಣ" ಎಂದಳು.

"ಈಗ್ಲೇನಾ? ಕೆಲ್ಸ?"

"ಶರ್ಟುಗಳು ಕಾಯ್ತವೆ, ಬಾರೇ."

ಗೇಟಿನವರೆಗೂ ವೆನಿಂಗ್ ತಡೆದುಕೊಂಡಳು. "ನಂಗೆ ಭಯ ಆಗ್ತಿದೆ ಮೇಡಂ."

"ನಂಗೂ ಕಣೇ" ಎಂದಳು ಸುಮಾರ್ನಿ. "ಅದಕ್ಕೇ ನಿನ್ ಕೈ ಹಿಡ್ಕೊಂಡಿರೋದು."